ಕಳೆ ಸವರುವವರು, ಮದ್ದು ಬಿಡುವವರು ಕೇಳಿದ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳವು. ತೋಟದ ಯಜಮಾನರಿಗಿಂತ ತೋಟದಲ್ಲಿ ದುಡಿಯುವವರು ಮತ್ತು ಅವರ ಮನೆಯವರು ಬರೆದ ಪತ್ರಗಳೇ ಈ ಬಾರಿ ಹೆಚ್ಚಾಗಿರುವುದು ನನಗೆ ಸಂತೋಷ ತಂದಿದೆ. ಕೀಟ, ರೋಗ, ಕಳೆಗಳ ಬಗ್ಗೆ ಬರುವ ಸಲಹೆಗಳೆಲ್ಲ ಬೆಳೆಯನ್ನು ನೋಡಿ ಹೇಳುವಂಥವು; ಪಂಪು ಹೊತ್ತವನ ಮೈಯನ್ನು ನೋಡಿ ಹೇಳುವವರು ಕಡಿಮೆ. ಆದ್ದರಿಂದ ಕೆಳಗಿನ ಉತ್ತರಗಳನ್ನು ದುಡಿಯುವವರ ಕಡೆಯಿಂದಲೇ ಬರೆದಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಐಟಿಐ ಮುಗಿಸಿದ ಮೇಲೆ ಊರಿನಲ್ಲೇ ಕಳೆ ಕೊಚ್ಚುವ ಯಂತ್ರ ಹಿಡಿದು ತೋಟಗಳ ಕಾಡು ಸವರುವ ಕೆಲಸ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವರು ಸಿಗುವುದಿಲ್ಲವೆಂದು ಎಲ್ಲರೂ ಹೇಳುವುದರಿಂದ, ಅದನ್ನೂ ಸೇರಿಸಿಕೊಂಡು ವರ್ಷಪೂರ್ತಿಯ ಉದ್ಯೋಗ ಮಾಡಿಕೊಳ್ಳಬೇಕೆಂದಿದ್ದೇನೆ. ಇದಕ್ಕೆ ಪರವಾನಗಿ ಬೇಕೇ? ತರಬೇತಿ ಎಲ್ಲಿ ಸಿಗುತ್ತದೆ? ಮೊದಲು ಯಾವುದಕ್ಕೆ ಹಣ ಹಾಕಬೇಕು? (ಬಾಯಾರು)

ಉತ್ತರ: ನಿಮ್ಮ ಯೋಚನೆ ಸರಿಯಾಗಿದೆ. ಈ ಕೆಲಸಕ್ಕೆ ಜನ ಸಿಗದಿರುವುದು ನಿಜ, ಕೆಲಸ ಬಲ್ಲವರಿಗೆ ತೋಟದವರು ಕಾಯುವುದೂ ನಿಜ. ಆದರೆ ಕಳೆ ಸವರುವುದು ಮತ್ತು ಮದ್ದು ಬಿಡುವುದು ಎರಡು ಬೇರೆ ಬೇರೆ ಕಸುಬುಗಳು. ಒಂದರ ಅನುಭವ ಇನ್ನೊಂದಕ್ಕೆ ತಾನಾಗಿ ಬರುವುದಿಲ್ಲವಾದ್ದರಿಂದ ಎರಡನೆಯದನ್ನು ಹೊಸದಾಗಿಯೇ ಕಲಿಯಬೇಕೆಂದು ಮೊದಲೇ ತಿಳಿದಿರಿ.

ಪರವಾನಗಿಯ ವಿಷಯ ಹೀಗಿದೆ. ಯಜಮಾನರು ತಾವೇ ತಂದ ಮದ್ದನ್ನು ಅವರದೇ ತೋಟದಲ್ಲಿ, ಅವರ ಹೇಳಿಕೆಯಂತೆ ಕೂಲಿಗೆ ಸಿಂಪಡಿಸಿಕೊಡುವುದು ಒಂದು. ನೀವೇ ಕೀಟನಾಶಕವನ್ನು ಖರೀದಿಸಿ, ದಾಸ್ತಾನು ಇಟ್ಟು, ನಿಮ್ಮ ಹೆಸರಿನಲ್ಲಿ ಕೀಟ ನಿಯಂತ್ರಣದ ವ್ಯವಹಾರ ನಡೆಸುವುದು ಇನ್ನೊಂದು. ಎರಡನೆಯದಕ್ಕೆ 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳ ಪ್ರಕಾರ ಪರವಾನಗಿ ಬೇಕು. ಅದನ್ನು ಪಡೆಯಲು ಕೃಷಿ ಪದವಿ ಅಥವಾ ರಸಾಯನಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ ವಿಜ್ಞಾನ ಪದವಿಯೂ, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿಯೂ ಆಗಿರಬೇಕು. ನೀವು ಸದ್ಯಕ್ಕೆ ಮೊದಲನೆಯ ದಾರಿಯಲ್ಲಿ ನಡೆಯುವುದು ಒಳ್ಳೆಯದು. ಮದ್ದನ್ನು ನೀವು ಮಾರಬೇಡಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ, "ಉಳಿದದ್ದನ್ನು ನೀನೇ ತೆಗೆದುಕೊಂಡು ಹೋಗು" ಎಂದು ಯಾರಾದರೂ ಕೊಟ್ಟರೆ ತರಲೂ ಬೇಡಿ.

ತರಬೇತಿಗೆ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಕೂಡ್ಲುವಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ನಾವೆಲ್ಲ ಸಿಪಿಸಿಆರ್‌ಐ ಎಂದು ಕರೆಯುವ ಸಂಸ್ಥೆ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದದ್ದು. ಅದರ ಆವರಣದಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಅಡಿಕೆಯ ವಿಷಯಕ್ಕೆ ಗಡಿಯಾಚೆ ಕರ್ನಾಟಕದ ವಿಟ್ಲದಲ್ಲಿ ಅದೇ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಬಾಯಾರಿನಿಂದ ಅದು ದೂರವೇನಲ್ಲ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ "ತೆಂಗಿನ ಮರಗಳ ಸ್ನೇಹಿತರು" ಎಂಬ ಆರು ದಿನಗಳ ತರಬೇತಿಯಲ್ಲಿ ಯಂತ್ರದಿಂದ ಮರ ಹತ್ತುವುದರ ಜೊತೆಗೆ ಸುಳಿ ಶುಚಿಗೊಳಿಸುವುದನ್ನೂ ಕೀಟ, ರೋಗಗಳನ್ನು ಗುರುತಿಸುವುದನ್ನೂ ಕಲಿಸುತ್ತಾರೆ. ತೆಂಗಿನ ಮರ ಹತ್ತುವವರಿಗಾಗಿ ಮಂಡಳಿಯ ಅಪಘಾತ ವಿಮಾ ಯೋಜನೆಯೂ ಇದೆ. ಪಂಚಾಯತಿನ ಕೃಷಿ ಭವನಕ್ಕೆ ಹೋಗಿ ಈ ತರಬೇತಿಗಳು ಯಾವಾಗ ನಡೆಯುತ್ತವೆಂದು ಕೇಳಿ, ಹೆಸರು ಬರೆಸಿಡಿ. ಅರ್ಜಿ ಮಲಯಾಳದಲ್ಲಿದ್ದರೆ ಹಿಂಜರಿಯಬೇಡಿ. ಕಾಸರಗೋಡಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾಗಿ ಕನ್ನಡದಲ್ಲಿ ಬರೆದುಕೊಡಬಹುದು, ಕನ್ನಡದಲ್ಲಿ ಉತ್ತರವನ್ನೂ ಕೇಳಬಹುದು. ಇದರ ಜೊತೆಗೆ ಕೃಷಿ ಕಾರ್ಮಿಕರ ಕ್ಷೇಮನಿಧಿಯ ಸದಸ್ಯತ್ವವನ್ನು ಚಿಕ್ಕ ವಯಸ್ಸಿನಲ್ಲೇ ಮಾಡಿಸಿಕೊಳ್ಳಿ.

ಇನ್ನು ಹಣ ಹಾಕುವ ವಿಷಯ. ಮೊದಲ ಹಣವನ್ನು ಪಂಪಿಗೆ ಹಾಕಬೇಡಿ, ನಿಮ್ಮ ಮೈಗೆ ಹಾಕಿ. ಕಳೆ ಯಂತ್ರದ ಕೆಲಸಕ್ಕೆ ಕಣ್ಣಿನ ಕನ್ನಡಕ, ಮುಖಕ್ಕೆ ಜಾಲರಿಯ ಕವಚ, ಕಿವಿಗೆ ಮುಚ್ಚಳ, ಮೊಣಕಾಲಿನವರೆಗಿನ ರಕ್ಷೆ ಮತ್ತು ಗಟ್ಟಿ ಅಡಿಯ ಬೂಟು ಬೇಕೇ ಬೇಕು. ನಮ್ಮ ಕಡೆಯ ಗುಡ್ಡದ ತೋಟಗಳಲ್ಲಿ ಮುರಕಲ್ಲಿನ ಚೂರುಗಳು ಹುಲ್ಲಿನೊಳಗೆ ಅಡಗಿರುತ್ತವೆ. ಬ್ಲೇಡಿಗೆ ತಾಗಿ ಸಿಡಿದ ಚೂರು ಎಷ್ಟು ದೂರ ಹಾರೀತೆಂದು ಹೇಳಲಾಗದು. ಆದ್ದರಿಂದ ಯಂತ್ರ ಓಡುತ್ತಿರುವಾಗ ಸುತ್ತ ಹದಿನೈದು ಮೀಟರಿನೊಳಗೆ ಯಾರೂ ಇರಕೂಡದು. ಯಜಮಾನರು ಮಾತನಾಡಲು ಹತ್ತಿರ ಬಂದರೆ ಯಂತ್ರ ನಿಲ್ಲಿಸಿಯೇ ಮಾತನಾಡಿ. ಮದ್ದು ಬಿಡುವ ಕೆಲಸಕ್ಕೆ ನೈಟ್ರೈಲ್ ಕೈಗವಸು, ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ, ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ, ಗಮ್ ಬೂಟು ಬೇಕು. ಪ್ಯಾಂಟಿನ ತುದಿ ಬೂಟಿನ ಹೊರಗಿರಲಿ; ಒಳಗೆ ತುರುಕಿದರೆ ಇಳಿದ ದ್ರಾವಣವೆಲ್ಲ ಪಾದದಡಿ ಸೇರುತ್ತದೆ.

ಈಗ ಎಲ್ಲೆಡೆ ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಮರ ಹತ್ತದೆ ನೆಲದಲ್ಲೇ ನಿಂತು ಮದ್ದು ಬಿಡಲು ಸಾಧ್ಯವಾದದ್ದು ದೊಡ್ಡ ಅನುಕೂಲ. ಮಳೆಗಾಲದ ಜಾರುವ ಮರಗಳಿಂದ ಬೀಳುವ ಅಪಾಯ ಅದರಿಂದ ತಪ್ಪಿದೆ. ಆದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುವ ವಸ್ತು. ಅಲ್ಯೂಮಿನಿಯಂ ದೋಟಿಗೆ ಹೆದರುವವರೂ ಇದನ್ನು ಪ್ಲಾಸ್ಟಿಕ್ ಎಂದುಕೊಂಡು ವಿದ್ಯುತ್ ತಂತಿಯ ಹತ್ತಿರ ಒಯ್ಯುವುದುಂಟು. ಒದ್ದೆಯಾದ ದೋಟಿ, ಒದ್ದೆ ಕೈ, ತೋಟದ ಮೇಲೆ ಹಾದುಹೋದ ತಂತಿ, ಇವು ಮೂರೂ ಒಟ್ಟಿಗೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ಕೆಲಸ ಆರಂಭಿಸುವ ಮುನ್ನ ತಲೆಯೆತ್ತಿ ತೋಟದ ಉದ್ದಗಲಕ್ಕೂ ಒಂದು ಸುತ್ತು ನಡೆಯಿರಿ. ತಂತಿಯ ಕೆಳಗಿನ ಸಾಲುಗಳನ್ನು, ವಿದ್ಯುತ್ ಇಲಾಖೆಯವರು ಲೈನು ಕಡಿತ ಮಾಡಿದ್ದು ಖಚಿತವಾಗುವವರೆಗೆ, ಬಿಟ್ಟುಬಿಡಿ.

ಕೂಲಿಯನ್ನು ಡ್ರಮ್ಮಿನ ಲೆಕ್ಕದಲ್ಲಿ ಗೊತ್ತುಮಾಡಿಕೊಳ್ಳುವ ಕ್ರಮವಿದೆ. ನನಗೆ ಅದು ಸರಿಯೆನಿಸುವುದಿಲ್ಲ. ಡ್ರಮ್ಮು ಬೇಗ ಖಾಲಿಯಾದಷ್ಟೂ ಲಾಭವೆಂದಾದಾಗ ಗಾಳಿ ಬೀಸಿದರೂ ನಿಲ್ಲಿಸುವ ಮನಸ್ಸಾಗುವುದಿಲ್ಲ, ಕೊನೆಗಳಿಗೆ (ಅಡಿಕೆಯ ಗೊಂಚಲುಗಳಿಗೆ) ಮದ್ದು ಸರಿಯಾಗಿ ತಾಗುವುದೂ ಇಲ್ಲ. ದಿನದ ಲೆಕ್ಕ ಅಥವಾ ಗಂಟೆಯ ಲೆಕ್ಕ ಇಬ್ಬರಿಗೂ ಒಳ್ಳೆಯದು.

ಕಳೆಯ ಬಗ್ಗೆಯೂ ಒಂದಿಷ್ಟು ಹೇಳಬೇಕು, ಏಕೆಂದರೆ ಯಂತ್ರ ಕೈಗೆ ಬಂದ ಮೇಲೆ ಎಲ್ಲ ಕಳೆಯನ್ನೂ ಒಂದೇ ರೀತಿ ನೋಡುವ ಅಭ್ಯಾಸವಾಗುತ್ತದೆ. ಹೃದಯದ ಆಕಾರದ ಎಲೆಯ, ಅಡಿಕೆ ಸಸಿಗಳ ಮೇಲೆ ಹಬ್ಬಿ ಮುಚ್ಚಿಬಿಡುವ ಮೈಕೇನಿಯ ಬಳ್ಳಿಯನ್ನು ನೀವು ನೋಡಿರುತ್ತೀರಿ. ಅದರ ಕಾಂಡದ ಒಂದೊಂದು ಗೆಣ್ಣಿಗೂ ಬೇರು ಬಿಡುವ ಶಕ್ತಿಯಿದೆ. ಅದನ್ನು ಯಂತ್ರದಿಂದ ಕೊಚ್ಚಿದರೆ ತುಂಡುಗಳು ತೋಟದ ತುಂಬ ಹರಡಿ, ಮುಂದಿನ ಮಳೆಗೆ ಅಷ್ಟೂ ಕಡೆ ಚಿಗುರುತ್ತವೆ, ಸವರಿದವನೇ ನೆಟ್ಟಂತಾಗುತ್ತದೆ. ಅದನ್ನು ಹೂ ಬಿಡುವ ಮೊದಲು ಕೈಯಿಂದ ಎಳೆದು, ಬುಡದ ಬೇರನ್ನು ಕಿತ್ತು, ಬಿಸಿಲಿನ ಬಂಡೆಯ ಮೇಲೆ ಒಣಗಿಸಬೇಕು. ಕಮ್ಯುನಿಸ್ಟ್ ಗಿಡವೆಂದು ಕರೆಯುವ ಪೊದೆಕಳೆಯ ರೀತಿ ಬೇರೆ: ಅದು ಗಾಳಿಯಲ್ಲಿ ತೇಲುವ ಬೀಜದಿಂದ ಹರಡುವುದರಿಂದ ಡಿಸೆಂಬರ್, ಜನವರಿಯ ಹೂವಿಗೆ ಮೊದಲೇ ಸವರಿದರೆ ಅರ್ಧ ಕೆಲಸ ಮುಗಿದಂತೆ, ಹೂ ಬೀಜವಾದ ಮೇಲೆ ಸವರಿದರೆ ಬಿತ್ತಿದಂತೆ. ಅಡಿಕೆಯ ಬುಡದ ಸುತ್ತ ಯಂತ್ರ ಒಯ್ಯದೆ ಕತ್ತಿಯಿಂದ ಸವರಿ. ಎಳೆಯ ಸಸಿಯ ಕಾಂಡಕ್ಕೆ ಯಂತ್ರದ ನೈಲಾನ್ ಹಗ್ಗದ ಪೆಟ್ಟೂ ಗಾಯವೇ. ಇಷ್ಟನ್ನು ತಿಳಿದು ಮಾಡುವ ಕೆಲಸಗಾರರನ್ನು ಯಾವ ಯಜಮಾನರೂ ಕೈಬಿಡುವುದಿಲ್ಲ.

ಪ್ರಶ್ನೆ: ನನ್ನ ಗಂಡ ಮಳೆಗಾಲದಲ್ಲಿ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣ ಬೆರೆಸಿದ ದ್ರಾವಣ) ಬಿಡುತ್ತಾರೆ, ಬೇಸಿಗೆಯಲ್ಲಿ ಹುಳದ ಮದ್ದನ್ನೂ ಸಿಂಪಡಿಸುತ್ತಾರೆ. ಮುಖಕ್ಕೆ ಬೈರಾಸು ಸುತ್ತಿಕೊಳ್ಳುತ್ತಾರೆ. ಕೆಲವು ಸಂಜೆ ತಲೆನೋವು, ವಾಕರಿಕೆ ಎನ್ನುತ್ತಾರೆ. ಹಾಲು ಕುಡಿದರೆ ಸರಿಯಾಗುತ್ತದೆಂದು ಜೊತೆಗಾರರು ಹೇಳಿದ್ದಾರೆ. ಅವರ ಬಟ್ಟೆಯನ್ನು ನಾನು ಮಕ್ಕಳ ಬಟ್ಟೆಯ ಜೊತೆಯಲ್ಲೇ ಒಗೆಯುತ್ತೇನೆ. ಇದರಿಂದ ತೊಂದರೆ ಇದೆಯೇ? (ಪೆರ್ಲ)

ಉತ್ತರ: ತೊಂದರೆ ಇದೆ, ಅಮ್ಮಾ. ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು.

ಮೊದಲು ಬೈರಾಸಿನ ವಿಷಯ. ಹತ್ತಿಯ ಬಟ್ಟೆ ಮದ್ದಿನ ಹನಿಯನ್ನು ತಡೆಯುವುದಿಲ್ಲ, ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಒದ್ದೆಯಾದ ಬೈರಾಸು ಕೆಲಸ ಮುಗಿಯುವವರೆಗೂ ಮೂಗು, ಬಾಯಿ, ಕೆನ್ನೆಗಳಿಗೆ ಮದ್ದನ್ನು ಒತ್ತಿ ಹಿಡಿದಂತೆ ಇರುತ್ತದೆ. ಕೀಟನಾಶಕ ದೇಹ ಸೇರುವುದು ಉಸಿರಿನಿಂದ ಮಾತ್ರವಲ್ಲ, ಹೆಚ್ಚಾಗಿ ಚರ್ಮದಿಂದ. ಎಲ್ಲ ಕಡೆಯ ಚರ್ಮವೂ ಒಂದೇ ಸಮನಲ್ಲ; ಮುಂಗೈಗಿಂತ ಹಣೆ, ನೆತ್ತಿ, ತೊಡೆಸಂದುಗಳು ಹಲವು ಪಟ್ಟು ಬೇಗ ಹೀರುತ್ತವೆ. ಬೆನ್ನಿಗೆ ಹೊತ್ತ ಪಂಪು ಸೋರಿ ಸೊಂಟದಿಂದ ಕೆಳಗೆ ಇಳಿದರೆ "ಸ್ವಲ್ಪ ಒದ್ದೆಯಾಯಿತು" ಎಂದು ಬಿಡುವ ಹಾಗಿಲ್ಲ. ಕೂಡಲೇ ಬಟ್ಟೆ ಕಳಚಿ ಸಾಬೂನು ಹಚ್ಚಿ ತೊಳೆಯಬೇಕು. ಎಲ್ಲಕ್ಕಿಂತ ಅಪಾಯದ ಹೊತ್ತು ಸಿಂಪಡಿಸುವಾಗಿನದಲ್ಲ, ಬಾಟಲಿಯ ಮುಚ್ಚಳ ತೆಗೆದು ಗಟ್ಟಿ ಮದ್ದನ್ನು ನೀರಿಗೆ ಬೆರೆಸುವಾಗಿನದು. ಆ ಹೊತ್ತಿನಲ್ಲಿ ಕೈಗವಸು, ಕನ್ನಡಕ ಹಾಕಿಕೊಳ್ಳಲೇಬೇಕೆಂದು ನಿಮ್ಮ ಮನೆಯವರಿಗೆ ಹೇಳಿ. ಪಂಪಿನ ನಾಜಲ್, ಅಂದರೆ ಮದ್ದು ಸಿಡಿಯುವ ಮೂತಿ, ಕಟ್ಟಿಕೊಂಡರೆ ಬಾಯಿಯಿಂದ ಊದುವ ಅಭ್ಯಾಸವಿದ್ದರೆ ಅದು ಇಂದೇ ನಿಲ್ಲಬೇಕು.

ಹಾಲಿನ ಮಾತು ನಮ್ಮ ಊರುಗಳಲ್ಲಿ ತಲೆಮಾರುಗಳಿಂದ ಬಂದದ್ದು, ಆದರೆ ಅದು ತಪ್ಪು. ಹಾಲು ಮದ್ದಿನ ವಿಷವನ್ನು ಇಳಿಸುವುದಿಲ್ಲ. ಕೊಬ್ಬಿನಲ್ಲಿ ಕರಗುವ ಕೆಲವು ಕೀಟನಾಶಕಗಳು ಹೊಟ್ಟೆಗೆ ಹೋಗಿದ್ದರೆ ಹಾಲಿನ ಜಿಡ್ಡಿನ ಜೊತೆ ಇನ್ನೂ ಬೇಗ ದೇಹ ಸೇರಬಹುದು. ಮದ್ದು ಬಿಟ್ಟ ಸಂಜೆಯ ತಲೆನೋವು, ವಾಕರಿಕೆಯನ್ನು ಬಿಸಿಲಿನ ದಣಿವೆಂದು ಬಿಡಬೇಡಿ. ಅದರ ಜೊತೆಗೆ ಬಾಯಲ್ಲಿ ನೀರೂರುವುದು, ವಿಪರೀತ ಬೆವರು, ಕಣ್ಣು ಮಂಜಾಗುವುದು, ಕಣ್ಣಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಮಾಂಸಖಂಡ ಅದುರುವುದು, ಎದೆ ಬಿಗಿಯುವುದು ಕಂಡರೆ ಅದು ಆರ್ಗನೋಫಾಸ್ಫೇಟ್ ಗುಂಪಿನ ಮದ್ದಿನ ವಿಷವಾಗಿರಬಹುದು. ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ವಾಂತಿ ಮಾಡಿಸಲು ಹೋಗಬೇಡಿ. ಮದ್ದಿನ ಬಾಟಲಿಯನ್ನೋ ಅದರ ಚೀಟಿಯನ್ನೋ ತಪ್ಪದೆ ಜೊತೆಗೆ ಒಯ್ಯಿರಿ. ಈ ಗುಂಪಿನ ವಿಷಕ್ಕೆ ಆಟ್ರೊಪಿನ್ ಮುಂತಾದ ಪ್ರತ್ಯೌಷಧವಿದೆ, ಆದರೆ ಯಾವ ಮದ್ದೆಂದು ಗೊತ್ತಾದರೆ ಮಾತ್ರ ವೈದ್ಯರು ಹೊತ್ತು ಕಳೆಯದೆ ಕೊಡಬಲ್ಲರು.

ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ. ಮದ್ದು ಬಿಟ್ಟ ಬಟ್ಟೆ ಮನೆಯೊಳಗೆ ಬಾರದೆ ಹೊರಗಿನ ಒಂದು ಬಕೇಟಿನಲ್ಲೇ ಇರಲಿ. ಕೈಗವಸು ಹಾಕಿಕೊಂಡು ಮೊದಲು ಬರೀ ನೀರಿನಲ್ಲಿ ಜಾಲಾಡಿ, ಅನಂತರ ಬಿಸಿನೀರು ಮತ್ತು ಸಾಬೂನು ಪುಡಿಯಲ್ಲಿ ಎರಡು ಸಲ ಒಗೆದು, ಬಿಸಿಲಿನಲ್ಲಿ ಒಣಹಾಕಿ. ಆ ನೀರನ್ನು ಬಾವಿಯ ಕಟ್ಟೆಯ ಹತ್ತಿರವಾಗಲಿ ತೋಡಿಗಾಗಲಿ ಚೆಲ್ಲಬಾರದು. ಗಟ್ಟಿ ಮದ್ದು ಚೆಲ್ಲಿದ ಅಂಗಿಯನ್ನು ಒಗೆಯಲು ಹೋಗಬೇಡಿ, ಅದನ್ನು ಮತ್ತೆ ತೊಡುವುದು ಬೇಡ. ಮಕ್ಕಳು ಓಡಿಬಂದು ಅಪ್ಪನನ್ನು ಅಪ್ಪಿಕೊಳ್ಳುವ ಮೊದಲು ಅವರ ಸ್ನಾನ ಮುಗಿದಿರಲಿ.

ಕೊನೆಯದಾಗಿ ಒಂದು ಮಾತು: ಗುತ್ತಿಗೆದಾರರ ಕೈಕೆಳಗೆ ನಿಮ್ಮ ಗಂಡ ದುಡಿಯುತ್ತಿದ್ದರೆ, ಕೀಟನಾಶಕದ ಕೆಲಸ ಮಾಡುವವರಿಗೆ ರಕ್ಷಣೆಯ ಉಡುಪು ಕೊಡುವುದು ಮತ್ತು ಕೆಲಸಕ್ಕೆ ಸೇರುವ ಮುನ್ನವೂ ಅನಂತರ ನಿಯತವಾಗಿಯೂ ವೈದ್ಯಕೀಯ ತಪಾಸಣೆ ಮಾಡಿಸುವುದು 1971ರ ನಿಯಮಗಳಲ್ಲೇ ಇರುವ ಹೊಣೆ. ಅದನ್ನು ಕೇಳುವುದು ಹಕ್ಕು.

ಪ್ರಶ್ನೆ: ಎರಡು ಸಲ ಬೋರ್ಡೋ ಬಿಡಿಸಿದರೂ ತೋಟಕ್ಕೆ ಕೊಳೆರೋಗ ಬಂತು. ಮದ್ದು ಬಿಟ್ಟವರು ಮೈಲುತುತ್ತು ಸರಿಯಿಲ್ಲವೆನ್ನುತ್ತಾರೆ, ಅಂಗಡಿಯವರು ಮದ್ದು ಬಿಟ್ಟದ್ದೇ ಸರಿಯಿಲ್ಲವೆನ್ನುತ್ತಾರೆ. ಯಾರನ್ನು ನಂಬಲಿ? (ಮುಳ್ಳೇರಿಯ)

ಉತ್ತರ: ಇಬ್ಬರನ್ನೂ ದೂರುವ ಮೊದಲು ಸುಣ್ಣವನ್ನು ನೋಡಿ, ಅನಂತರ ಪಂಚಾಂಗವನ್ನು ನೋಡಿ.

ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಮಳೆಯ ತೇವದಲ್ಲಿ ಹರಡುವಂಥದ್ದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿದ ಕಾಲದಿಂದಲೂ ಬೋರ್ಡೋ ದ್ರಾವಣವೇ ಇದರ ಮುಖ್ಯ ಮದ್ದು. ಆದರೆ ಅದು ರೋಗ ಬಾರದಂತೆ ತಡೆಯುವ ಮದ್ದೇ ಹೊರತು ಬಂದದ್ದನ್ನು ವಾಸಿಮಾಡುವುದಲ್ಲ. ತಾಮ್ರದ ತೆಳುವಾದ ಪದರ ಕಾಯಿಯ ಮೇಲೆ ಇರುವವರೆಗೆ ಮಾತ್ರ ಕಾವಲು. ರೋಗ ಒಳಗೆ ಇಳಿದ ಮೇಲೆ ಅದು ಕೆಲಸ ಮಾಡದು. ಮುಂಗಾರು ಹಿಡಿಯುವ ಮೊದಲು ಅಥವಾ ಹಿಡಿದ ಕೂಡಲೇ ಮೊದಲ ಸಲ, ನಲವತ್ತರಿಂದ ನಲವತ್ತೈದು ದಿನಗಳ ಅನಂತರ ಎರಡನೆಯ ಸಲ, ಮಳೆ ಮುಂದುವರಿದರೆ ಮೂರನೆಯ ಸಲ ಎಂಬುದು ಕ್ರಮ. ಮೊದಲ ಸಲದ್ದು ಜೂನ್ ಕೊನೆಗೆ ಹೋಗಿದ್ದರೆ ಉಳಿದದ್ದನ್ನು ಎಷ್ಟು ಚೆನ್ನಾಗಿ ಮಾಡಿದರೂ ತೋಟದಲ್ಲಿ ಕಾಯಿ ಉದುರುವುದು ನಿಲ್ಲುವುದಿಲ್ಲ.

ದ್ರಾವಣ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೆಚ್ಚಿನ ತಪ್ಪು ಇಲ್ಲೇ ಆಗುವುದರಿಂದ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತನ್ನು ಐವತ್ತು ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಹಿಂದಿನ ರಾತ್ರಿಯೇ ಗೋಣಿಬಟ್ಟೆಯಲ್ಲಿ ಕಟ್ಟಿ ನೀರಿಗೆ ತೂಗಬಿಟ್ಟರೆ ಬೆಳಿಗ್ಗೆ ತಾನಾಗಿ ಕರಗಿರುತ್ತದೆ. ಸುಣ್ಣ ಹೊಸದಾಗಿ ಸುಟ್ಟ ಕಲ್ಲುಸುಣ್ಣವಾಗಿರಬೇಕು. ಬಾಯಿ ಬಿಚ್ಚಿದ ಗೋಣಿಯಲ್ಲಿ ತಿಂಗಳುಗಟ್ಟಲೆ ಗಾಳಿ ಕುಡಿದ ಸುಣ್ಣಕ್ಕೆ ತಾಮ್ರವನ್ನು ಕಟ್ಟಿಹಾಕುವ ಶಕ್ತಿಯಿರುವುದಿಲ್ಲ. ಅದನ್ನು ಇನ್ನೊಂದು ಪಾತ್ರೆಯಲ್ಲಿ ಅರಳಿಸಿ, ಉಳಿದ ಐವತ್ತು ಲೀಟರಿಗೆ ಬೆರೆಸಿ ಸೋಸಿ, ಪೂರ್ತಿ ತಣಿಯಲು ಬಿಡಬೇಕು. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತಾ ಒಬ್ಬರು ಕೋಲಿನಿಂದ ಕದಡುತ್ತಲೇ ಇರಬೇಕು. ಸರಿಯಾಗಿ ಆದ ದ್ರಾವಣಕ್ಕೆ ತಿಳಿಯಾದ ಆಕಾಶದ ನೀಲಿ ಬಣ್ಣವಿರುತ್ತದೆ, ಅದು ಬೇಗ ತಳ ಹಿಡಿಯುವುದಿಲ್ಲ. ಬಿಸಿ ಸುಣ್ಣಕ್ಕೇ ಸುರಿದರೆ ಕಣ ದಪ್ಪವಾಗಿ ಬೇಗ ತಳಕ್ಕಿಳಿಯುತ್ತದೆ, ನಾಜಲನ್ನೂ ಕಟ್ಟುತ್ತದೆ.

ಈಗ ಪರೀಕ್ಷೆ. ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಕತ್ತಿಯ ತುದಿಯನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಕಬ್ಬಿಣದ ಮೇಲೆ ಕೆಂಪುಮಿಶ್ರಿತ ಕಂದು ಬಣ್ಣ ಹಿಡಿದಿದ್ದರೆ ತಾಮ್ರ ಬಿಡಿಯಾಗಿ ಉಳಿದಿದೆಯೆಂದರ್ಥ. ಅಂಥ ದ್ರಾವಣ ಎಳೆಯ ಕಾಯಿಯನ್ನು ಸುಡುತ್ತದೆ. ಕಲೆ ಬಾರದಿರುವವರೆಗೆ ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಮಾಡಿದ ದ್ರಾವಣವನ್ನು ಆ ದಿನವೇ ಬಿಟ್ಟು ಮುಗಿಸಬೇಕು. ಮಳೆ ಬಂದು ಕೆಲಸ ನಿಂತಾಗ ಉಳಿದ ದ್ರಾವಣವನ್ನು ಮರುದಿನಕ್ಕೆ ಇಟ್ಟು ಬಿಡಿಸಿದ್ದರೆ ಆ ಡ್ರಮ್ಮಿನಷ್ಟು ಮರಗಳಿಗೆ ಮದ್ದೇ ಬಿಟ್ಟಿಲ್ಲವೆಂದು ಲೆಕ್ಕ ಹಾಕಿ.

ಮುಂದಿನ ವರ್ಷ ಈ ಕೆಲಸವನ್ನು ಮದ್ದು ಬಿಡುವವರ ಜೊತೆಯಲ್ಲಿ ನಿಂತು ನೀವೇ ಮಾಡಿಸಿ. ಅಡಿಕೆ ಕೊನೆಯ ಹೊರಮೈಗೆ ಮಾತ್ರವಲ್ಲ, ಹಿಂದಿನ ಬದಿಗೂ ತಾಗಿದೆಯೇ ಎಂದು ನೋಡಿ. ಉದುರಿದ ರೋಗದ ಕಾಯಿಗಳನ್ನು ಹೆಕ್ಕಿಸಿ ತೋಟದ ಹೊರಗೆ ಸಾಗಿಸಿ. ರೋಗ ಹಿಡಿದ ಕೊನೆಯನ್ನು ಮರದಲ್ಲೇ ಬಿಟ್ಟರೆ ಅದೇ ಮುಂದಿನ ಮಳೆಯ ಮೂಲ. ಬೋರ್ಡೋ ಸಾವಯವದವರೂ ಒಪ್ಪುವ ಮದ್ದೆಂದು ಅದನ್ನು ಮೈಮೇಲೆ ಸುರಿದುಕೊಳ್ಳುವವರಿದ್ದಾರೆ. ಸುಣ್ಣವೂ ಮೈಲುತುತ್ತೂ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ತಲೆಯೆತ್ತಿ ಮಾಡುವ ಈ ಕೆಲಸಕ್ಕೆ ಕನ್ನಡಕ ಬೇಕೇ ಬೇಕು.

ಪ್ರಶ್ನೆ: ಗುಡ್ಡದ ಮೇಲಿನ ಅಡಿಕೆ ತೋಟದಲ್ಲಿ ಕಳೆನಾಶಕ ಹೊಡೆಯಲು ಯಜಮಾನರು ಹೇಳುತ್ತಿದ್ದಾರೆ. ಬಾಟಲಿಯನ್ನು ಅವರೇ ತಂದಿದ್ದಾರೆ, ಗಡಿಯಾಚೆಯ ಅಂಗಡಿಯದು. ಕೆಳಗೆ ನಾಲ್ಕು ಮನೆಗಳಿಗೆ ನೀರು ಕೊಡುವ ಸುರಂಗವಿದೆ. ಬೇಡವೆಂದರೆ ಕೆಲಸ ಹೋಗುತ್ತದೆ. ಏನು ಮಾಡಲಿ? (ಎಣ್ಮಕಜೆ)

ಉತ್ತರ: ಹೊಡೆಯಬೇಡಿ. ಕಾರಣಗಳನ್ನು ಯಜಮಾನರಿಗೆ ಓದಿ ಹೇಳಲು ಅನುಕೂಲವಾಗುವಂತೆ ಬರೆಯುತ್ತೇನೆ.

ನೀವು ಬಾಟಲಿಯ ಹೆಸರು ಬರೆದಿಲ್ಲ, ಆದರೆ ಇಂಥ ಕಡೆ ಬಳಕೆಯಾಗುವುದು ಹೆಚ್ಚಾಗಿ ಗ್ಲೈಫೋಸೇಟ್, ಕೆಲವೊಮ್ಮೆ ಪ್ಯಾರಾಕ್ವಾಟ್. ಗ್ಲೈಫೋಸೇಟಿಗೆ ನಮ್ಮ ದೇಶದಲ್ಲಿ ಅನುಮತಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ಅಡಿಕೆ ತೋಟ ಆ ಪಟ್ಟಿಯಲ್ಲಿಲ್ಲ. ತಿರುವಲ್ಲದ ಕಡೆ ಗದ್ದೆಗೆ ಮದ್ದು ಹೊಡೆದ ಇಬ್ಬರು ಕೆಲಸಗಾರರು ತೀರಿಕೊಂಡ ಮೇಲೆ, 2019ರಲ್ಲಿ ಕೇರಳ ಸರ್ಕಾರ ಗ್ಲೈಫೋಸೇಟಿನ ಮಾರಾಟ ಮತ್ತು ಬಳಕೆಗೆ ತಡೆ ಒಡ್ಡಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವೂ ಪರವಾನಗಿ ಪಡೆದ ಕೀಟ ನಿಯಂತ್ರಕರಲ್ಲದೆ ಬೇರೆಯವರು ಅದನ್ನು ಬಳಸಕೂಡದೆಂದು ಅಧಿಸೂಚನೆ ಹೊರಡಿಸಿತು. ಪ್ಯಾರಾಕ್ವಾಟ್ ಕೇರಳದಲ್ಲಿ 2011ರಲ್ಲೇ ನಿಷೇಧವಾದದ್ದು. ಅದು ಹೊಟ್ಟೆಗೆ ಹೋದರೆ ಪ್ರತ್ಯೌಷಧವೇ ಇಲ್ಲ. ಶ್ವಾಸಕೋಶ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಆದುದರಿಂದ ಗಡಿಯಾಚೆ ಅಂಗಡಿಯಲ್ಲಿ ಸಿಕ್ಕಿತೆಂಬುದು ಇಲ್ಲಿ ಹೊಡೆಯಲು ಅನುಮತಿಯಾಗುವುದಿಲ್ಲ.

ಗ್ಲೈಫೋಸೇಟ್ ಮಣ್ಣಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ನೀರಿಗೆ ಸೇರುವುದಿಲ್ಲ ಎಂದು ಯಜಮಾನರು ಹೇಳಬಹುದು. ಮಣ್ಣಿಗೆ ಅಂಟುವ ಗುಣ ಅದಕ್ಕಿರುವುದು ನಿಜ. ಆದರೆ ನಮ್ಮ ಗುಡ್ಡದ ಇಳಿಜಾರಿನಲ್ಲಿ ಮಳೆಗೆ ಮಣ್ಣೇ ಕೊಚ್ಚಿಹೋಗುತ್ತದೆ, ಕಳೆ ಸತ್ತು ಬೋಳಾದ ನೆಲದಲ್ಲಂತೂ ಇನ್ನೂ ಹೆಚ್ಚು. ಸುರಂಗವೆಂದರೆ ಮುರಕಲ್ಲಿನ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ನೀರಿನ ದಾರಿ. ಮೇಲೆ ಬಿದ್ದ ಮಳೆ ಕಲ್ಲಿನ ತೂತು, ಬಿರುಕುಗಳಲ್ಲಿ ಇಳಿದು ಅದರ ಬಾಯಲ್ಲಿ ಹನಿಯುತ್ತದೆ. ಆ ನೀರನ್ನು ನಾಲ್ಕು ಮನೆಯವರು ಸೋಸದೆ ಕುಡಿಯುತ್ತಾರೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಗ್ಲೈಫೋಸೇಟನ್ನು "ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ" ಗುಂಪಿಗೆ ಸೇರಿಸಿತು, ಅಮೆರಿಕ ಮತ್ತು ಯುರೋಪಿನ ನಿಯಂತ್ರಣ ಸಂಸ್ಥೆಗಳು ಅದನ್ನು ಒಪ್ಪಲಿಲ್ಲ. ಆ ವಾದ ಎಲ್ಲಿಗೇ ಮುಟ್ಟಲಿ, ಕುಡಿಯುವ ನೀರಿನ ತಲೆಯ ಮೇಲೆ ಅದನ್ನು ಹೊಡೆಯಲು ಯಾವ ವಾದವೂ ಸಾಲದು.

ಎಣ್ಮಕಜೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಇದೇ ಗುಡ್ಡಗಳ ಮೇಲೆ, ಇದೇ ತೋಡು ಮತ್ತು ಸುರಂಗಗಳ ಮೇಲೆ. ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆದದ್ದು 2011ರ ಮೇ ತಿಂಗಳಿನಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು 2017ರ ಜನವರಿಯಲ್ಲಿ. ಅಷ್ಟರೊಳಗೆ ಎಷ್ಟು ಮನೆಗಳ ಮಕ್ಕಳು ಹಾಸಿಗೆಯಲ್ಲೇ ಬೆಳೆದರೆಂಬುದು ನಿಮ್ಮ ಪಂಚಾಯತಿನಲ್ಲಿ ಯಾರಿಗೂ ತಿಳಿಯದ್ದಲ್ಲ. ಆಗ ಮದ್ದು ಬೆರೆಸಿದ, ಡ್ರಮ್ಮು ಹೊತ್ತ ಕೆಲಸಗಾರರು ತಮ್ಮ ಕೈಯಲ್ಲಿರುವುದೇನೆಂದು ಕೇಳುವ ಸ್ಥಿತಿಯಲ್ಲಿರಲಿಲ್ಲ. ನೀವು ಕೇಳಿದ್ದೀರಿ, ಅದಕ್ಕಾಗಿ ನಿಮ್ಮನ್ನು ಮನಸಾರೆ ಅಭಿನಂದಿಸುತ್ತೇನೆ.

ಕೆಲಸ ಉಳಿಸಿಕೊಳ್ಳುವ ದಾರಿಯೂ ಇದೆ. "ಹೊಡೆಯುವುದಿಲ್ಲ" ಎಂದು ಮಾತ್ರ ಹೇಳಿ ನಿಲ್ಲಿಸದೆ "ಹೀಗೆ ಮಾಡಿಕೊಡುತ್ತೇನೆ" ಎಂದು ಹೇಳಿ. ಮಳೆಗಾಲದ ನಡುವೆ ಒಂದು ಸಲ, ಮಳೆ ಬಿಡುವು ಕೊಟ್ಟ ಮೇಲೆ ಒಂದು ಸಲ ಯಂತ್ರದಿಂದ ಸವರಿ, ಸವರಿದ ಹುಲ್ಲನ್ನೇ ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ತೇವವೂ ಉಳಿಯುತ್ತದೆ, ಅಡಿಕೆಯ ಮೇಲುಬೇರುಗಳಿಗೆ ನೆರಳೂ ಸಿಗುತ್ತದೆ. ಬಾಟಲಿಯ ಖರ್ಚು ಮತ್ತು ಹೊಡೆಯುವ ಕೂಲಿಯನ್ನು ಇದರ ಕೂಲಿಯ ಜೊತೆ ಹೋಲಿಸಿ ಒಂದು ಚೀಟಿಯಲ್ಲಿ ಬರೆದುಕೊಡಿ. ಹೆಚ್ಚಿನ ಯಜಮಾನರು ಲೆಕ್ಕಕ್ಕೆ ಕಿವಿಗೊಡುತ್ತಾರೆ. ಅದಕ್ಕೂ ಒಪ್ಪದೆ ಬೇರೆಯವರಿಂದ ಹೊಡೆಸಲು ಹೊರಟರೆ ಕೃಷಿ ಭವನದ ಅಧಿಕಾರಿಗೆ ಬರಹದಲ್ಲಿ ತಿಳಿಸಿ. ನೀರು ಕುಡಿಯುವ ನಾಲ್ಕು ಮನೆಯವರೂ ಅದಕ್ಕೆ ಸಹಿ ಹಾಕಲಿ. ಆಗ ನೀವೊಬ್ಬರೇ ದೂರುಗಾರರಾಗುವುದಿಲ್ಲ.

ಪ್ರಶ್ನೆ: ಮದ್ದಿನ ಡಬ್ಬಿಯ ಮೇಲಿನ ಬಣ್ಣದ ಗುರುತಿನ ಅರ್ಥವೇನು? ಬರೆದದ್ದನ್ನು ಓದಲು ಆಗುವುದಿಲ್ಲ. (ಕುಂಬಳೆ)

ಉತ್ತರ: ವಜ್ರಾಕಾರದ ಗುರುತಿನ ಕೆಳಗಿನ ಅರ್ಧದಲ್ಲಿ ಕೆಂಪು ಇದ್ದರೆ ಅತಿ ತೀವ್ರ ವಿಷ, ಹಳದಿ ಇದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೆಂದರೆ ವಿಷವಲ್ಲವೆಂದು ಅರ್ಥವಲ್ಲ. ಈ ಬಣ್ಣ ಒಂದೇ ಸಲ ಹೊಟ್ಟೆಗೆ ಹೋದರೆ ಆಗುವ ಅಪಾಯವನ್ನು ತೋರಿಸುತ್ತದೆಯೇ ಹೊರತು ವರ್ಷಗಟ್ಟಲೆ ಅದರ ಜೊತೆ ದುಡಿಯುವುದರ ಪರಿಣಾಮವನ್ನಲ್ಲ. ಡಬ್ಬಿಯ ಜೊತೆ ಹಲವು ಭಾಷೆಗಳಲ್ಲಿ ಅಚ್ಚಾದ ಮಡಚಿದ ಕಾಗದವೊಂದು ಇರಬೇಕು. ಅದರಲ್ಲಿ ಬೆಳೆ, ಪ್ರಮಾಣ, ಪ್ರತ್ಯೌಷಧ ಎಲ್ಲವೂ ಇರುತ್ತವೆ. ಅಂಗಡಿಯಲ್ಲಿ ಅದನ್ನು ಕೇಳಿ ಪಡೆಯಿರಿ; ಅಕ್ಷರ ಸಣ್ಣದಾದ್ದರಿಂದ ಮನೆಯಲ್ಲಿ ಓದುವ ಮಕ್ಕಳಿಂದ ಓದಿಸಿ ಕೇಳಿ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಹೊಡೆದುಬಿಡಿ. ಅದರಲ್ಲಿ ಎಣ್ಣೆ, ಸೀಮೆಎಣ್ಣೆ ಯಾವುದನ್ನೂ ತುಂಬಿಡಬಾರದು.

ಪ್ರಶ್ನೆ: ನಾಲ್ಕು ವರ್ಷದ ತೆಂಗಿನ ಸಸಿಗಳ ಸುಳಿಯನ್ನು ಕುರುವಾಯಿ ದುಂಬಿ ಕೊರೆಯುತ್ತಿದೆ. ಹಿಂದೆ ಫ್ಯುರಡಾನ್ ಎಂಬ ಕೀಟನಾಶಕ ಹಾಕುತ್ತಿದ್ದೆವು. ಈಗ ಏನು ಹಾಕಬೇಕು? (ಬದಿಯಡ್ಕ)

ಉತ್ತರ: ಫ್ಯುರಡಾನ್ ಕೇರಳದಲ್ಲಿ ನಿಷೇಧವಾಗಿದೆ, ಅದರ ಅಗತ್ಯವೂ ಇಲ್ಲ. ಸುಳಿಯ ಹತ್ತಿರ ಹೊಸದಾಗಿ ಅಗಿದ ನಾರು ಕಂಡರೆ ದುಂಬಿ ಒಳಗೇ ಇದೆ. ಕೊಕ್ಕೆಯ ಸರಿಗೆಯಿಂದ ಎಳೆದು ತೆಗೆಯಿರಿ. ಅನಂತರ 250 ಗ್ರಾಂ ಬೇವಿನ ಹಿಂಡಿಯನ್ನು ಅಷ್ಟೇ ಮರಳಿನೊಂದಿಗೆ ಬೆರೆಸಿ ಸುಳಿಯ ಸುತ್ತಲಿನ ಮೂರು ಮಡಲುಗಳ ಕಂಕುಳಲ್ಲಿ ತುಂಬಿಸಿ. ಇದನ್ನು ಮಳೆಗೆ ಮೊದಲು, ಸೆಪ್ಟೆಂಬರಿನಲ್ಲಿ ಮತ್ತು ಡಿಸೆಂಬರಿನಲ್ಲಿ, ಹೀಗೆ ವರ್ಷಕ್ಕೆ ಮೂರು ಸಲ ಮಾಡಬೇಕು. ದುಂಬಿಯ ಹುಳ ಬೆಳೆಯುವುದು ನಿಮ್ಮ ಗೊಬ್ಬರದ ಗುಂಡಿಯಲ್ಲಿ ಮತ್ತು ಕೊಳೆತ ತೆಂಗಿನ ಕಾಂಡದಲ್ಲಿ. ಗುಂಡಿಯ ಗೊಬ್ಬರಕ್ಕೆ ಮೆಟಾರೈಜಿಯಂ ಶಿಲೀಂಧ್ರವನ್ನು ಬೆರೆಸಿದರೆ ಅಲ್ಲೇ ಹುಳ ಸಾಯುತ್ತದೆ. ಸಿಪಿಸಿಆರ್‌ಐಯಲ್ಲಿ ಅದರ ಬಗ್ಗೆ ವಿಚಾರಿಸಿ.

ದುಂಬಿ ಮಾಡಿದ ಗಾಯದ ವಾಸನೆಗೆ ಕೆಂಪು ಮೂತಿ ಹುಳ ಬರುತ್ತದೆ, ಅದು ಬಂದರೆ ಮರವೇ ಹೋಗುತ್ತದೆ. ಆದ್ದರಿಂದ ಹಸಿ ಮಡಲನ್ನು ಕಡಿಯಲೇಬೇಕಾದರೆ ಕಾಂಡಕ್ಕೆ ತಾಗಿಸಿ ಕಡಿಯದೆ ಮೂರೂವರೆ, ನಾಲ್ಕು ಅಡಿ ತೊಟ್ಟು ಉಳಿಸಿ ಕಡಿಯುವಂತೆ ಮರ ಹತ್ತುವವರಿಗೆ ಹೇಳಿ.